ತಟ್ಟೆಯಂಚಿನ ಕಾಳು

ನಮ್ಮ ಶಾಲೆಯ ಮೂರನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಬಿಸಿಯೂಟದ ಹೊತ್ತಿಗೆ ಅವನ ಪಕ್ಕ ಕೂತು ನೋಡಬೇಕು. ಅನ್ನ, ಸಾಂಬಾರು ಬಡಿಸಿದ ಕೂಡಲೇ ಬೇರೆ ಮಕ್ಕಳೆಲ್ಲ ಕೈ ಹಾಕಿ ಕಲಸುತ್ತಾರೆ. ಇವನು ಕಲಸೋದಿಲ್ಲ. ಮೊದಲು ತೋರುಬೆರಳಿನಿಂದ ಸಾಂಬಾರಿನಲ್ಲಿ ತಡಕುತ್ತಾನೆ. ಒಂದು ಕಾಳು ಸಿಕ್ಕಿತೋ, ಅದನ್ನು ಹಾಗೇ ಬೆರಳ ತುದಿಯಲ್ಲಿ ಒತ್ತಿಕೊಂಡು, ಅನ್ನದ ಪಕ್ಕದಿಂದ ಜಾರಿಸಿಕೊಂಡು ಬಂದು ತಟ್ಟೆಯ ಅಂಚಿಗೆ ನಿಲ್ಲಿಸುತ್ತಾನೆ. ಆಮೇಲೆ ಇನ್ನೊಂದು. ಅದರ ಪಕ್ಕ ಮತ್ತೊಂದು. ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸ್ತೀವಲ್ಲ, ಹಾಗೆ ಲೈನು. ಕಾಳೆಲ್ಲ ಹೊರಗೆ ಬಂದ ಮೇಲೆಯೇ ಮೊದಲ ತುತ್ತು. ಅಷ್ಟರಲ್ಲಿ ಅನ್ನ ತಣ್ಣಗಾಗಿರುತ್ತೆ. ಅವನಿಗೆ ಅದರ ಚಿಂತೆ ಇಲ್ಲ.

ಒಂದು ದಿನ ಎಣಿಸಿದೆ. 31 ಕಾಳು. ಎರಡನೇ ಸಾಲು ಶುರುವಾಗಿತ್ತು.

"ಯಾಕೋ ತಿನ್ನಲ್ಲ?" ಅಂದೆ.

"ಇಷ್ಟ ಇಲ್ಲ ಮಿಸ್."

"ಯಾವತ್ತಾದ್ರೂ ತಿಂದು ನೋಡಿದ್ಯಾ?"

"ಇಲ್ಲ ಮಿಸ್. ಇಷ್ಟ ಇಲ್ವಲ್ಲ."

ಇಪ್ಪತ್ತು ವರ್ಷ ಪಾಠ ಮಾಡಿದ್ದೀನಿ. ಈ ಉತ್ತರಕ್ಕೆ ನನ್ನ ಹತ್ತಿರ ಮರುಮಾತಿರಲಿಲ್ಲ.

ಮೊದಲೇ ಒಂದು ಮಾತು. ಇಂಗ್ಲಿಷಿನಲ್ಲಿ ಕಾಳಿಗೂ ಬೀನ್ಸ್ ಅಂತಾರೆ, ಆದರೆ ನಮ್ಮ ಪೇಟೆಯಲ್ಲಿ ಬೀನ್ಸ್ ಅಂದರೆ ಹಸಿರು ಹುರುಳಿಕಾಯಿ. ಅದರ ತಂಟೆಗೆ ನಾನು ಹೋಗ್ತಿಲ್ಲ. ಅದನ್ನು ಸಣ್ಣಗೆ ಹೆಚ್ಚಿ ಹಾಕಿದರೆ ಮಕ್ಕಳು ಅರ್ಧ ತಿಂತಾರೆ, ಅರ್ಧ ಬಿಡ್ತಾರೆ, ಅದೇನೂ ದೊಡ್ಡ ವಿಷಯ ಅಲ್ಲ. ನಾನು ಹೇಳ್ತಿರೋದು ಇಡೀ ಕಾಳಿನ ವಿಷಯ. ಹೆಸರುಕಾಳು, ಅಲಸಂದೆ, ಬಟಾಣಿ, ಕಡಲೆಕಾಳು, ಹುರುಳಿಕಾಳು, ಅವರೆಕಾಳು. ತೊಗರಿಬೇಳೆಯ ಬಗ್ಗೆ ಯಾವ ಮಗುವೂ ತಕರಾರು ಮಾಡಲ್ಲ. ಅದು ಬೆಂದು ಕರಗಿ ಸಾಂಬಾರೇ ಆಗಿಬಿಡುತ್ತೆ, ಕಣ್ಣಿಗೆ ಕಾಣಲ್ಲ. ಕಾಳು ಹಾಗಲ್ಲ. ಬೆಂದ ಮೇಲೂ ಕಾಳು ಕಾಳಾಗಿಯೇ ಇರುತ್ತೆ. ಸಿಪ್ಪೆ ಸಮೇತ ಕಣ್ಣೆದುರಿಗೇ ಕೂತಿರುತ್ತೆ. ಅದೇ ಅದರ ತಪ್ಪು.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಬಿಸಿಯೂಟ ಬಂದಾಗಿತ್ತು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಹೇಳಿತು. 2002ರಲ್ಲಿ ನಮ್ಮ ರಾಜ್ಯದ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ಮಾರನೇ ವರ್ಷ ನಮ್ಮ ಕಡೆಗೂ ಬಂತು. ಲೆಕ್ಕ ಈಗಲೂ ಗೋಡೆಯ ಮೇಲೆ ಬರೆದಿದೆ. ಐದನೇ ಕ್ಲಾಸಿನವರೆಗೆ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆಕಾಳು, 50 ಗ್ರಾಂ ತರಕಾರಿ. ಆರರಿಂದ ಎಂಟಕ್ಕೆ 150, 30, 75. ಚಿಕ್ಕವರಿಗೆ ಈ ಒಂದು ಊಟದಲ್ಲಿ 12 ಗ್ರಾಂ ಪ್ರೋಟೀನು ಸಿಗಬೇಕು, ದೊಡ್ಡವರಿಗೆ 20 ಗ್ರಾಂ. ಕಾಗದದ ಮೇಲೆ ಸಿಗುತ್ತೆ. ಹೊಟ್ಟೆಗೆ ಎಷ್ಟು ಹೋಯಿತು ಅಂತ ತಿಳಿಯಬೇಕಾದರೆ ಎಂಜಲು ಬಕೆಟ್ ನೋಡಬೇಕು.

ನಾನು ನೋಡ್ತೀನಿ. ಅಭ್ಯಾಸ ಆಗಿಬಿಟ್ಟಿದೆ. ಕರಿಬೇವು, ಒಣಮೆಣಸಿನಕಾಯಿ ಇರಲೇಬೇಕು, ಅವನ್ನು ಬಿಡಿ. ಕುಂಬಳಕಾಯಿ ಸಿಪ್ಪೆ. ಬದನೆಕಾಯಿ ಇದ್ದ ದಿನ ಬದನೆಕಾಯಿ. ಕಾಳಿನ ಸಾಂಬಾರಿನ ದಿನ ಬಕೆಟ್ಟಿನ ತಳದಲ್ಲಿ ಕಾಳಿನದೇ ಒಂದು ಪದರ ಇರುತ್ತೆ. ಅಡುಗೆಯ ಅಕ್ಕ ಅದನ್ನು ತಮ್ಮ ಹಸುವಿಗೆ ಅಂತ ಮನೆಗೆ ಒಯ್ತಾರೆ. "ನಮ್ಮ ಹಸ ಮೈ ಕೈ ತುಂಬ್ಕೊಂಡದೆ ಮಿಸ್" ಅಂತ ನಗ್ತಾರೆ. ಅವರ ನಗುವಿನಲ್ಲಿ ಸ್ವಲ್ಪ ಬೇಜಾರೂ ಇರುತ್ತೆ. ಹಿಂದಿನ ದಿನವೇ ಕಾಳು ನೆನೆಹಾಕಿ, ಬೆಳಿಗ್ಗೆ ಎದ್ದು ಬಂದು ಒಲೆ ಹಚ್ಚಿದವರು ಅವರು ತಾನೇ.

ಮಕ್ಕಳನ್ನು ಕೇಳಿದ್ದೀನಿ. ಸುಮ್ಮನೆ ಮಾತಾಡಿಸ್ತಾ ಕೇಳಿದರೆ ಏನೇನೋ ಹೊರಗೆ ಬರುತ್ತೆ. ಸಿಪ್ಪೆ ಗಂಟಲಿಗೆ ಅಂಟುತ್ತಂತೆ. ಅಗಿದರೆ ಒಳಗೆ ಹಿಟ್ಟು ಹಿಟ್ಟಂತೆ. ಅಲಸಂದೆಗೆ ಕಣ್ಣಿದೆ, ಅದು ನೋಡುತ್ತಂತೆ. ಇದನ್ನು ಹೇಳಿದವಳು ಎರಡನೇ ಕ್ಲಾಸಿನವಳು. ಹೇಳಿದ ಮೇಲೆ ನಾನೂ ಅಲಸಂದೆಯನ್ನು ಮೊದಲಿನ ಹಾಗೆ ನೋಡೋಕೆ ಆಗ್ತಿಲ್ಲ. ಇನ್ನೊಬ್ಬನಿಗೆ ಹುಳದ ಭಯ. ಅವರ ಮನೆಯಲ್ಲಿ ಅವರೆಕಾಯಿ ಸುಲಿಯುವಾಗ ಹಸಿರು ಹುಳ ಕೈ ಮೇಲೆ ಹರಿದಿತ್ತಂತೆ. ಆವತ್ತಿನಿಂದ ಯಾವ ಕಾಳನ್ನು ಕಂಡರೂ ಹುಳವೇ ಕಾಣುತ್ತೆ. ಅವನ ತಪ್ಪೇನೂ ಇಲ್ಲ ಬಿಡಿ. ನುಸಿ ಹಿಡಿದ ಕಾಳು ನಮ್ಮ ಶಾಲೆಗೂ ಬಂದಿದೆ. ಒಂದೊಂದು ಕಾಳಿಗೂ ಗುಂಡಗೆ ತೂತು, ಸೂಜಿಯಲ್ಲಿ ಚುಚ್ಚಿದ ಹಾಗೆ. ಆ ಚೀಲವನ್ನು ವಾಪಸ್ ಕಳಿಸಿದೆವು. ಆದರೆ ಅಷ್ಟರಲ್ಲಿ ಮಕ್ಕಳು ನೋಡಿಯಾಗಿತ್ತು.

ಇವೆಲ್ಲ ಬಾಯಿಬಿಟ್ಟು ಹೇಳುವ ಕಾರಣಗಳು. ಹೇಳದೇ ಇರುವ ಕಾರಣ ಒಂದಿದೆ. ದೊಡ್ಡ ಮಕ್ಕಳಲ್ಲಿ ಅದೇ ಜಾಸ್ತಿ. ಏಳನೇ ಕ್ಲಾಸಿನ ಹೆಣ್ಣುಮಕ್ಕಳು ಬಡಿಸುವವರ ಹತ್ತಿರ ಮೆಲ್ಲಗೆ ಹೇಳ್ತಾರೆ, "ಅಕ್ಕ, ಬರೀ ತಿಳಿ ಹಾಕಿ." ಸೌಟು ತಳಕ್ಕೆ ಹೋಗಬಾರದು. ಯಾಕೆ ಅಂತ ಎಲ್ಲರಿಗೂ ಗೊತ್ತು. ಮಧ್ಯಾಹ್ನ ಇನ್ನೂ ಮೂರು ಪೀರಿಯಡ್ ಇದೆ. ಅದೇ ಮಕ್ಕಳಿಗೆ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ನಾವೇ ಎದುರಿಗೆ ನಿಂತು ನುಂಗಿಸ್ತೀವಿ. ಕಬ್ಬಿಣಾಂಶ ಇರುವ ಕಾಳು ಬಕೆಟ್ಟಿಗೆ ಹೋಗುತ್ತೆ.

ಹೂಸಿನ ವಿಷಯ ಬರೆಯಬೇಕೋ ಬೇಡವೋ ಅಂತ ಯೋಚನೆ ಮಾಡಿದೆ. ಬರೆಯದೇ ಇದ್ದರೆ ಈ ಬರಹ ಸುಳ್ಳಾಗುತ್ತೆ.

ಕೆಲವು ವರ್ಷದ ಹಿಂದಿನ ಮಾತು. ಆರನೇ ಕ್ಲಾಸು, ಊಟದ ನಂತರದ ಗಣಿತ. ಕಡಲೆಕಾಳು ಹಾಕಿದ್ದರು ಆವತ್ತು. ಭಿನ್ನರಾಶಿಯ ಲೆಕ್ಕವನ್ನು ಬೋರ್ಡಿನ ಮೇಲೆ ಬರೀತಾ ಇದ್ದೆ, ಎಲ್ಲರೂ ಬರ್ಕೊಳ್ತಾ ಇದ್ದರು. ಪೂರ್ತಿ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಹಿಂದಿನ ಬೆಂಚಿನಿಂದ ಸದ್ದು ಬಂತು. ಚಿಕ್ಕದೇನಲ್ಲ. ಒಂದು ಕ್ಷಣ ಯಾರೂ ಉಸಿರಾಡಲಿಲ್ಲ. ಆಮೇಲೆ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಯಾರೋ "ಕಡ್ಲೇ" ಅಂತ ಕೂಗಿದ. ಆ ಹುಡುಗ ತಲೆಯನ್ನು ಡೆಸ್ಕಿನ ಮೇಲೆ ಇಟ್ಟ. ಕಿವಿ ಕೆಂಪಗಾಗಿತ್ತು.

ನಾನೂ ನಕ್ಕೆ. ಬೋರ್ಡಿನ ಕಡೆ ತಿರುಗಿಕೊಂಡೇ ನಕ್ಕೆ. ಆದರೆ ಭುಜ ಅಲ್ಲಾಡಿದ್ದು ಅವನಿಗೆ ಕಂಡಿರುತ್ತೆ.

ಆಮೇಲೆ ಅವನ ಹೆಸರು ಕಡ್ಲೆ ಆಯಿತು. ಆಟದ ಬಯಲಲ್ಲಿ ಕಡ್ಲೆ, ಊರ ಬಾವಿಕಟ್ಟೆಯಲ್ಲಿ ಕಡ್ಲೆ. ಏಳನೇ ಕ್ಲಾಸು ಮುಗಿಸಿ ಹೋಗುವ ತನಕ ಅವನು ಶಾಲೆಯಲ್ಲಿ ಒಂದು ಕಾಳು ಬಾಯಿಗೆ ಇಡಲಿಲ್ಲ. ಕಾಳಿನ ಸಾಂಬಾರಿನ ದಿನ ಮೊಸರು ಇದೆಯಾ ಅಂತ ಕೇಳ್ತಿದ್ದ. ಇರ್ತಿರಲಿಲ್ಲ. ಉಪ್ಪು ಹಾಕಿಕೊಂಡು ಬರೀ ಅನ್ನ ತಿಂತಿದ್ದ.

ಮಾರನೇ ದಿನ ನಾನು ವಿಜ್ಞಾನ ಪಾಠದ ಹಾಗೆ ವಿವರಿಸಿದ್ದೆ. ಕಾಳಿನಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಯಾರಲ್ಲೂ ಇಲ್ಲ, ಹೆಡ್ ಮಾಸ್ಟರಲ್ಲೂ ಇಲ್ಲ. ಹಾಗಾಗಿ ಅವು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿ ಕಾದು ಕೂತ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ತಿಂದು ಗ್ಯಾಸ್ ಬಿಡುತ್ತವೆ. ನಾತಕ್ಕೆ ಕಾರಣ ಅದರಲ್ಲಿ ಎಲ್ಲೋ ಚೂರು ಇರುವ ಗಂಧಕ. ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿದರೆ, ಮೊಳಕೆ ಬರಿಸಿದರೆ, ಈ ಸಕ್ಕರೆ ಕಡಿಮೆ ಆಗುತ್ತೆ. ಮಕ್ಕಳು ಕಣ್ಣರಳಿಸಿ ಕೇಳಿದರು. "ಹೆಡ್ ಮಾಸ್ಟರಲ್ಲೂ ಇಲ್ಲ" ಅನ್ನುವುದಕ್ಕೆ ಚಪ್ಪಾಳೆಯೇ ಬಂತು. ಆದರೆ ಹೆಸರು ಕಡ್ಲೆ ಹಾಗೇ ಉಳಿಯಿತು. ನಗು ಮೊದಲು ಬಂದು, ಪಾಠ ಮಾರನೇ ದಿನ ಬಂದರೆ ಏನು ಪ್ರಯೋಜನ.

ಹಾಗಂತ ನನಗೆ ಈ ಅವಮಾನ ಹೊಸದೇನಲ್ಲ. ನನ್ನದೂ ಒಂದಿದೆ.

ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಊರು. ಮಳೆ ನಂಬಿದ ಹೊಲ. ರಾಗಿ ಆದರೆ ರಾಗಿ, ರಾಗಿ ಕೈಕೊಟ್ಟರೆ ಹುರುಳಿ. ಹಿಂಗಾರಿನಲ್ಲಿ ಎರಡು ಹದ ಮಳೆ ಬಿದ್ದರೂ ಹುರುಳಿ ಬಂದುಬಿಡುತ್ತೆ, ಏನೂ ಕೇಳದ ಬೆಳೆ ಅದು. ಹಾಗಾಗಿ ಮನೆಯಲ್ಲಿ ಹುರುಳಿಯೇ ಜಾಸ್ತಿ. ಅವ್ವ ಹುರುಳಿಯನ್ನು ಸಂಜೆ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಹಳೇ ಪಂಚೆ ತುಂಡಿನಲ್ಲಿ ಬಿಗಿಯಾಗಿ ಗಂಟು ಕಟ್ಟಿ, ಮೇಲೆ ಗುಂಡುಕಲ್ಲು ಹೇರುತ್ತಿದ್ದರು. ಮಾರನೇ ದಿನಕ್ಕೆ ಬಟ್ಟೆಯ ಎಳೆ ಸಂದಿಯಿಂದ ಬಿಳೀ ಮೊಳಕೆ ಇಣುಕ್ತಿತ್ತು. ಬಿಚ್ಚುವಾಗ ಬಟ್ಟೆಗೆ ಅಂಟಿದ ಮೊಳಕೆ ಚಟಚಟ ಮುರಿಯೋ ಸದ್ದು. ಅದರಲ್ಲಿ ಬಸ್ಸಾರು. ಕಾಳು, ಸೊಪ್ಪು ಬೇಯಿಸಿ, ಕಟ್ಟು ಬಸಿದು ಸಾರು ಮಾಡೋದು. ಉಳಿದ ಕಾಳು ಸೊಪ್ಪಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಪಲ್ಯ. ಸಾರು ರಾತ್ರಿ ಮುದ್ದೆಗೆ. ಪಲ್ಯ ಮಾರನೇ ದಿನ ನನ್ನ ಡಬ್ಬಿಗೆ.

ಎಂಟನೇ ಕ್ಲಾಸಿಗೆ ಬಸ್ಸಿನಲ್ಲಿ ಪೇಟೆಯ ಹೈಸ್ಕೂಲಿಗೆ ಹೋಗತೊಡಗಿದೆ. ಮೊದಲ ವಾರವೇ ಇರಬೇಕು. ಮಧ್ಯಾಹ್ನ ನಾಲ್ಕೈದು ಜನ ಹುಡುಗಿಯರು ಸುತ್ತ ಕೂತು ಡಬ್ಬಿ ತೆಗೆದೆವು. ಅವರದು ಚಿತ್ರಾನ್ನ, ಇಡ್ಲಿ, ಚಪಾತಿ ಪಲ್ಯ. ನನ್ನ ಮುಚ್ಚಳ ತೆಗೆದ ಕೂಡಲೇ ಬೆಳ್ಳುಳ್ಳಿ, ಹುರುಳಿಯ ಘಾಟು ಎಲ್ಲರಿಗೂ ಮುಟ್ಟಿತು. ಒಬ್ಬಳು ಬಗ್ಗಿ ನೋಡಿದಳು.

"ಇದು ಕುದುರೆಗೆ ಹಾಕೋದಲ್ವೇನೇ?"

ಕೆಟ್ಟ ಬುದ್ಧಿಯಿಂದ ಕೇಳಿದ್ದಲ್ಲ ಅಂತ ಈಗ ಅನ್ನಿಸುತ್ತೆ. ಅವಳ ಮನೆಯಲ್ಲಿ ಯಾರೋ ಹಾಗೆ ಹೇಳಿರಬೇಕು. ಆದರೆ ಎಲ್ಲರೂ ನಕ್ಕರು. ನಾನು ಮುಚ್ಚಳ ಹಾಕಿದೆ. ಹೊಟ್ಟೆನೋವು ಅಂದೆ. ಸಂಜೆ ಬಸ್ ಸ್ಟ್ಯಾಂಡಿನ ಹಿಂದುಗಡೆ ಡಬ್ಬಿಯನ್ನು ಬಗ್ಗಿಸಿದೆ. ಒಂದು ನಾಯಿ ಬಂದು ಮೂಸಿ, ಅದೂ ಬಿಟ್ಟು ಹೋಯಿತು. ನಲ್ಲಿಯಲ್ಲಿ ಡಬ್ಬಿಯನ್ನು ಚೆನ್ನಾಗಿ ತೊಳೆದುಕೊಂಡು ಮನೆಗೆ ಹೋದೆ.

ಮೂರು ವರ್ಷ ಹೀಗೇ ನಡೆಯಿತು. ಹುರುಳಿಕಾಳಿನ ದಿನವೆಲ್ಲ ಬಸ್ ಸ್ಟ್ಯಾಂಡಿನ ಹಿಂದೆ.

ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ ನನಗೆ ಸಿಕ್ಕಿದ್ದು ಎಷ್ಟೋ ವರ್ಷ ಆದ ಮೇಲೆ, ಒಂದು ತರಬೇತಿಯಲ್ಲಿ. ಹಾವೇರಿ ಜಿಲ್ಲೆಯ ಹಳ್ಳೂರು, ಬಳ್ಳಾರಿ ಹತ್ತಿರದ ಸಂಗನಕಲ್ಲು, ಇಲ್ಲೆಲ್ಲ ಅಗೆದಾಗ ಸುಟ್ಟು ಕರಕಲಾದ ಹುರುಳಿ, ಹೆಸರು ಸಿಕ್ಕಿವೆಯಂತೆ. ಹೊಸ ಶಿಲಾಯುಗದ ಜನ ತಿಂದಿದ್ದು. ಹತ್ತಿರ ಹತ್ತಿರ ನಾಲ್ಕು ಸಾವಿರ ವರ್ಷದ ಹಿಂದಿನ ಮಾತು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ ಅಂತಲೂ ಅಲ್ಲೇ ಗೊತ್ತಾಯಿತು. ಈಗ ಅದೇ ಹುರುಳಿಯನ್ನು ಬೆಂಗಳೂರಿನ ಅಂಗಡಿಯಲ್ಲಿ ಚಂದದ ಪ್ಯಾಕೆಟ್ಟಿನಲ್ಲಿ, ಬೊಜ್ಜು ಕರಗಿಸುತ್ತೆ ಅಂತ ಬರೆದು ಮಾರ್ತಾರೆ. ಆ ಗೆಳತಿಯೂ ಕೊಳ್ತಿರಬಹುದು. ಹೇಳೋಕೆ ಈಗ ಅವಳು ಎಲ್ಲಿ ಸಿಗ್ತಾಳೆ.

ಇಷ್ಟೆಲ್ಲ ಹೇಳಿದ ಮೇಲೆ ಅವರೆಕಾಯಿಯ ಮಾತು ಬರಲೇಬೇಕು. ಯಾಕಂದರೆ ಅದು ಬಂದರೆ ನನ್ನ ಲೆಕ್ಕ ಎಲ್ಲ ತಲೆಕೆಳಗು.

ನಾನೀಗ ಇರುವ ಶಾಲೆ ಮಾಗಡಿ ಕಡೆಯದು. ಡಿಸೆಂಬರ್ ಬಂತು ಅಂದರೆ ಇಡೀ ಊರಿಗೆ ಸೊಗಡು ಹಿಡಿಯುತ್ತೆ. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ. ಸಿಪ್ಪೆಯ ಮೇಲೆ ಎಣ್ಣೆಯಂಥ ಜಿಗುಟು ಇರುತ್ತೆ, ಒಂದು ಮೊರ ಸುಲಿದರೆ ಸೋಪು ಹಾಕಿ ತೊಳೆದರೂ ಕೈಯಿಂದ ವಾಸನೆ ಹೋಗಲ್ಲ. ಆ ತಿಂಗಳು ಮಕ್ಕಳ ನೋಟ್ ಬುಕ್ಕು ತಿದ್ದೋಕೆ ತಗೊಂಡರೆ ನೋಟ್ ಬುಕ್ಕೂ ಸೊಗಡು. ಹೊಲ ಇರುವ ಒಬ್ಬರಲ್ಲ ಒಬ್ಬರು ಶಾಲೆಗೆ ಒಂದು ಚೀಲ ಅವರೆಕಾಯಿ ತಂದು ಹಾಕ್ತಾರೆ. ಐದು, ಆರು, ಏಳನೇ ಕ್ಲಾಸಿನವರು ಕೊನೆಯ ಪೀರಿಯಡ್ಡಿನಲ್ಲಿ ಜಗಲಿ ಮೇಲೆ ಕೂತು ಸುಲೀತಾರೆ. ಯಾರ ಗುಡ್ಡೆ ದೊಡ್ಡದು ಅಂತ ಪೈಪೋಟಿ. ಹುಳ ಸಿಕ್ಕರೆ ಕಿರುಚಾಟ, ಅದನ್ನು ಪಕ್ಕದವನ ಅಂಗಿಗೆ ಬಿಡೋದು, ಅವನು ಎದ್ದು ಓಡೋದು.

ರಾತ್ರಿ ನೀರಿನಲ್ಲಿ ನೆನೆದ ಕಾಳನ್ನು ಬೆಳಿಗ್ಗೆ ಹಿತುಕೋದು ಇನ್ನೂ ಮಜಾ. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪಚಕ್ ಅಂತ ಹಾರುತ್ತೆ. ಗುರಿ ಇಟ್ಟು ಹೊಡೀತಾರೆ. ನನ್ನ ಕನ್ನಡಕಕ್ಕೂ ಒಂದು ಸಲ ಬಿದ್ದಿದೆ, ಹೊಡೆದವನು ಯಾರು ಅಂತ ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ. ಆವತ್ತಿನ ಹಿತಕಿದ ಬೇಳೆ ಸಾರಿಗೆ ಮಕ್ಕಳು ಎರಡೆರಡು ಸಲ ತಟ್ಟೆ ಒಡ್ಡುತ್ತಾರೆ. ಬಕೆಟ್ ಖಾಲಿ. ಅಕ್ಕನ ಹಸುವಿಗೆ ಉಪವಾಸ.

ಸಿಪ್ಪೆ ಹೋದ ಕಾರಣಕ್ಕೆ ತಿಂದರು ಅನ್ನಬಹುದು. ಒಂದಷ್ಟು ನಿಜ. ಆದರೆ ಸಿಪ್ಪೆ ಇರುವ ಅವರೆಕಾಳಿನ ಉಪ್ಪಿಟ್ಟನ್ನೂ ಬಿಡಲ್ಲವಲ್ಲ. ಆ ಎರಡು ತಿಂಗಳು ಊರಲ್ಲಿ ಎಲ್ಲರ ಮನೆಯಲ್ಲೂ ಅದೇ. ಸಾಹುಕಾರರ ಮನೆಯಲ್ಲೂ ಅದೇ, ಕೂಲಿಯವರ ಮನೆಯಲ್ಲೂ ಅದೇ. ಅಪ್ಪ ಸಾರು ಸುರಿದುಕೊಂಡು "ಆಹಾ" ಅಂತಾರೆ. ಬೆಂಗಳೂರಿನಲ್ಲಿ ಅವರೆ ಮೇಳ ಅಂತ ಜನ ಮುಗಿಬಿದ್ದು ಅವರೆಕಾಳಿನ ಜಿಲೇಬಿಯನ್ನೂ ತಿಂತಾರೆ, ಟಿವಿಯಲ್ಲಿ ತೋರಿಸ್ತಾರೆ. ಅವರೆ ತಿನ್ನೋದು ಮಕ್ಕಳ ಕಣ್ಣಲ್ಲಿ ನಾಚಿಕೆಯ ವಿಷಯ ಅಲ್ಲ, ಜಂಬದ ವಿಷಯ. ಅವರೆಕಾಳೂ ಗ್ಯಾಸೇ. ಆ ತಿಂಗಳು ಯಾರೂ ಯಾರಿಗೂ ಅಡ್ಡಹೆಸರು ಇಡಲ್ಲ. ಎಲ್ಲರದೂ ಒಂದೇ ಪಾಡು.

ಇನ್ನೊಂದು ತಮಾಷೆ. ಮೊದಲು ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ ಕೊಡ್ತಿದ್ವಿ. ಚಿಕ್ಕಿ ಬಂದ ದಿನ ಮೊಟ್ಟೆ ತಿನ್ನುವವರೂ "ಮಿಸ್, ನಾವು ಮೊಟ್ಟೆ ಬಿಟ್ಬಿಟ್ವಿ ಮಿಸ್" ಅಂತ ಬರ್ತಿದ್ದರು. ಕಡಲೆಕಾಯಿಯೂ ಇದೇ ಕಾಳುಗಳ ಕುಲದ್ದು. ಅವರೆ, ಹೆಸರು, ತೊಗರಿಯ ದಾಯಾದಿ. ಇದನ್ನು ಮಕ್ಕಳಿಗೆ ಹೇಳಿದೆ. ಸುಳ್ಳು ಅಂದರು. ಜಾತ್ರೆಯಲ್ಲಿ ಹುರಿದ ಬಟಾಣಿ, ಹುರಿಗಡಲೆ, ಕಾಂಗ್ರೆಸ್ ಕಡಲೆಕಾಯಿ, ಎಲ್ಲ ಜೇಬು ತುಂಬ ತಿಂತಾರೆ. ಕರುಂ ಕುರುಂ ಅಂದರೆ ತಿಂಡಿ, ಬೆಂದರೆ ಶಿಕ್ಷೆ. ಗಣೇಶನ ಹಬ್ಬದಲ್ಲಿ ಪೆಂಡಾಲಿನಲ್ಲಿ ಕೊಡುವ ಕಡಲೆಕಾಳು ಉಸಲಿ ಮಾತ್ರ ಬೆಂದಿದ್ದರೂ ಪರವಾಗಿಲ್ಲ. ಎಲೆಯ ಚೂರಿನಲ್ಲಿ ಎರಡು ಚಮಚ ಕೊಟ್ಟರೆ ಮತ್ತೆ ಕೈ ಒಡ್ಡುತ್ತಾರೆ. ನಾನು ಒಂದು ಸಲ ಬಿಸಿಯೂಟದ ಕಡಲೆಕಾಳನ್ನು "ಇದು ಪ್ರಸಾದ ಅನ್ಕೊಳ್ರೋ" ಅಂದೆ. ಒಬ್ಬ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಂಗಳಾರತಿನೇ ಆಗಿಲ್ಲ ಮಿಸ್" ಅಂದಳು.

ಬೆಂಗಳೂರಿನ ಕಥೆಯೂ ಬಂತು ಒಂದು ದಿನ. ನಾಲ್ಕನೇ ಕ್ಲಾಸಿಗೆ ಹೇಳ್ತಾ ಇದ್ದೆ. ಹೊಯ್ಸಳರ ವೀರಬಲ್ಲಾಳ ಬೇಟೆಗೆ ಹೋದ, ದಾರಿ ತಪ್ಪಿದ, ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು. ಕಥೆ ಮುಗಿದ ಮೇಲೆ ಅದು ಕಥೆ ಅಷ್ಟೇ ಅಂತಲೂ ಹೇಳಬೇಕಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲಿನಲ್ಲಿ ಬೆಂಗಳೂರು ಅನ್ನುವ ಹೆಸರಿದೆ. ಅದು ಸುಮಾರು ಕ್ರಿ.ಶ. 890ರದು. ವೀರಬಲ್ಲಾಳ ಪಟ್ಟಕ್ಕೆ ಬಂದಿದ್ದು 1173ರಲ್ಲಿ. ಅಂದರೆ ರಾಜ ಕಾಳು ತಿನ್ನುವ ಮುನ್ನೂರು ವರ್ಷ ಮುಂಚೆಯೇ ಬೆಂಗಳೂರು ಇತ್ತು. ಆದರೂ ಸಿಕ್ಕಿದ ಅವಕಾಶ ಯಾಕೆ ಬಿಡೋದು ಅಂತ, "ನೋಡಿ, ರಾಜನೇ ಬೆಂದ ಕಾಳು ತಿಂದನಂತೆ, ನಿಮಗೇನು?" ಅಂದೆ.

ಹಿಂದಿನಿಂದ ಒಬ್ಬ ಎದ್ದು ನಿಂತ. "ಮಿಸ್, ಅವನಿಗೆ ಅರಮನೆಯಲ್ಲಿ ಬೇರೆ ಊಟ ಇತ್ತು. ಕಾಡಲ್ಲಿ ಏನೂ ಇರಲಿಲ್ಲ. ಅದಕ್ಕೇ ತಿಂದ."

ಆ ಉತ್ತರಕ್ಕೆ ಹತ್ತಕ್ಕೆ ಹತ್ತು ಕೊಟ್ಟೆ. ಇಂಥ ಮಕ್ಕಳಿಗೆ ಕಾಳು ತಿನ್ನಿಸೋದು ಕಷ್ಟ.

ಪ್ರಯತ್ನವನ್ನಂತೂ ಮಾಡಿದ್ದೀನಿ. ಮೊದಲು ಮಾಡಿದ್ದು ತಪ್ಪು ಪ್ರಯತ್ನ. ಕಾಳು ತಿಂದವರಿಗೆ ಕೈ ಮೇಲೆ ಕೆಂಪು ಪೆನ್ನಿನಲ್ಲಿ ಸ್ಟಾರ್. ಎರಡು ವಾರ ತಟ್ಟೆಗಳು ಫಳಫಳ. ಮೂರನೇ ವಾರ ಪೆನ್ನು ತಂದಿರಲಿಲ್ಲ, ಆವತ್ತೇ ಬಕೆಟ್ ತುಂಬಿತು. ಅಮೆರಿಕದ ಲಿಯಾನ್ ಬರ್ಚ್ ಅನ್ನುವವರು ಚಿಕ್ಕ ಮಕ್ಕಳ ಊಟದ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಇದನ್ನು ತಿಂದರೆ ಅದನ್ನು ಕೊಡ್ತೀನಿ ಅಂದರೆ, ಆ 'ಇದು' ಮಗುವಿಗೆ ಮೊದಲಿಗಿಂತ ಬೇಡವಾಗುತ್ತೆ ಅಂತ ಅವರು 1980ರ ದಶಕದಲ್ಲೇ ತೋರಿಸಿದ್ದರು. ನನಗೆ ಯಾರೂ ಹೇಳಿರಲಿಲ್ಲ. ಯೋಚನೆ ಮಾಡಿದರೆ ಸರಿಯೇ. ಲಂಚ ಕೊಟ್ಟು ತಿನ್ನಿಸಬೇಕಾದ ವಸ್ತು ಕೆಟ್ಟದ್ದೇ ಇರಬೇಕು ಅಂತ ಮಗು ತೀರ್ಮಾನ ಮಾಡುತ್ತೆ.

ಅವರೇ 1980ರಲ್ಲಿ ಇನ್ನೊಂದು ಕೆಲಸ ಮಾಡಿದ್ದರು. ಒಂದು ತರಕಾರಿ ಬೇಡ ಅನ್ನುವ ಮಗುವನ್ನು, ಅದೇ ತರಕಾರಿ ಬೇಕು ಅನ್ನುವ ಮಕ್ಕಳ ಜೊತೆ ಊಟಕ್ಕೆ ಕೂರಿಸಿದರು. ಯಾರೂ ಏನೂ ಹೇಳಲಿಲ್ಲ. ಕೆಲವೇ ದಿನದಲ್ಲಿ ಆ ಮಗುವೂ ಅದೇ ತರಕಾರಿ ಕೇಳತೊಡಗಿತು. ಇದನ್ನು ಓದಿದ ಮೇಲೆ ನಾನು ಊಟದ ಸಾಲು ಬದಲಿಸಿದೆ. ಚೆನ್ನಾಗಿ ತಿನ್ನುವ ಮೂರು ಜನರ ನಡುವೆ ತಿನ್ನದ ಒಬ್ಬ. ಕೆಲವರಿಗೆ ಹಿಡಿಸಿತು. ಅಲಸಂದೆಯ ಕಣ್ಣಿಗೆ ಹೆದರುತ್ತಿದ್ದವಳು ಈಗ ಅಲಸಂದೆಯನ್ನು ಕಣ್ಣು ಮುಚ್ಚಿಕೊಂಡು ತಿಂತಾಳೆ. ತಾನು ನೋಡದಿದ್ದರೆ ಅದೂ ನೋಡಲ್ಲ ಅಂತ ಲೆಕ್ಕ ಇರಬೇಕು.

ಸಾಲು ಬದಲಿಸಿದ್ದರಿಂದ ನಮಗೂ ಒಂದು ಪಾಠ ಆಯಿತು. ಊಟಕ್ಕೆ ಮುಂಚೆ ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ರುಚಿ ನೋಡ್ತೀವಿ, ಹಾಕ್ತೀವಿ. ಆಮೇಲೆ ನಮ್ಮ ನಮ್ಮ ಡಬ್ಬಿ ತೆಗೀತೀವಿ. ಸ್ಟಾಫ್ ರೂಮಿನಲ್ಲಿ ಒಬ್ಬರಲ್ಲ ಒಬ್ಬರು "ಅಯ್ಯೋ, ಇವತ್ತೂ ಕಾಳಾ?" ಅಂತೀವಿ. ಬಾಗಿಲು ತೆರೆದೇ ಇರುತ್ತೆ. ಹೊರಗೆ ತಟ್ಟೆ ಹಿಡಿದು ನಿಂತವರಿಗೆ ಕಿವಿ ಇದೆ.

ಆ ಮೂರನೇ ಕ್ಲಾಸಿನ ಹುಡುಗನಿಗೆ ಮಾತ್ರ ಯಾವ ಸಾಲೂ ಹಿಡಿಸಲಿಲ್ಲ. ಅವನ ಪಕ್ಕ ಕೂತ ಮೂವರಲ್ಲಿ ಇಬ್ಬರು ಅವನ ಹಾಗೆ ಲೈನು ನಿಲ್ಲಿಸೋಕೆ ಕಲಿತರು. ಸಹವಾಸ ಎರಡು ಕಡೆಗೂ ಕೆಲಸ ಮಾಡುತ್ತೆ ಅಂತ ಬರ್ಚ್ ಅವರಿಗೂ ಗೊತ್ತಿದ್ದಿರಬೇಕು.

ಕೊನೆಗೆ ಮೊಳಕೆ ಪಾಠದ ಮೇಲೆ ಆಸೆ ಇಟ್ಟುಕೊಂಡೆ. ಒಬ್ಬೊಬ್ಬರಿಗೂ ಐದೈದು ಹೆಸರುಕಾಳು, ಒದ್ದೆ ಬಟ್ಟೆಯ ಚೂರು, ತೆಂಗಿನ ಕರಟ. ಮಾರನೇ ದಿನ ಕರಟದೊಳಗೆ ಬಿಳೀ ಬಾಲ. ಕ್ಲಾಸಿನಲ್ಲಿ ಸಂಭ್ರಮವೋ ಸಂಭ್ರಮ. ಮೂರು ಕಾಳನ್ನು ಮಣ್ಣಿಗೆ ಹಾಕಿ, ಉಳಿದ ಎರಡಕ್ಕೆ ಉಪ್ಪು, ನಿಂಬೆರಸ ಹಾಕಿ ತಿನ್ನೋದು ಅಂತ ಹೇಳಿದೆ. ನಿಂಬೆಹುಳಿ ಜೊತೆ ಸೇರಿದರೆ ಕಾಳಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತೆ. ಎಲ್ಲರೂ ತಿಂದರು. ಇನ್ನೂ ಬೇಕು ಅಂದರು. ನಾನು ಅವನ ಹತ್ತಿರ ಹೋದೆ. ಕರಟವನ್ನು ಎದೆಗೆ ಒತ್ತಿ ಹಿಡಿದಿದ್ದ. ಐದಕ್ಕೂ ಹೆಸರಿಟ್ಟಿದ್ದ.

"ತಿನ್ನಲ್ಲ ಮಿಸ್. ಇವು ಈಗ ಹುಟ್ಟಿರೋವು."

ಐದನ್ನೂ ಶಾಲೆಯ ಕೈತೋಟದಲ್ಲಿ ಹಾಕಿದ. ಮೂರು ಬದುಕಿದವು. ಕಾಯಿ ಬಿಟ್ಟಾಗ ಬಿಡಿಸಲು ಬಿಡಲಿಲ್ಲ, ಒಣಗಿದ ಮೇಲೆ ಬಿಡಿಸಿ ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾನೆ. ಮೊದಲು ಅವನು ಕಾಳನ್ನು ಅಂಚಿಗೆ ಸರಿಸ್ತಿದ್ದಿದ್ದು ಇಷ್ಟ ಇಲ್ಲ ಅಂತ. ಈಗಲೂ ಸರಿಸ್ತಾನೆ. ಕಾರಣ ಬೇರೆ ಆಗಿದೆ, ಅಷ್ಟೇ. ಈಗ ತೊಳೆದು ಜೇಬಿಗೆ ಹಾಕಿಕೊಳ್ತಾನೆ. ಬೆಂದ ಕಾಳು ಹುಟ್ಟಲ್ಲ ಕಣೋ ಅಂತ ಹೇಳಬೇಕು. ಇನ್ನೂ ಹೇಳಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅವ್ವನಿಗೆ ಈಗ ಎಪ್ಪತ್ತೆರಡು. ತಮ್ಮನ ಹೆಂಡತಿ ನಾನು ಬರ್ತೀನಿ ಅಂತ ಮೊಳಕೆ ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ಅವ್ವ, ನಾನು ಎದುರುಬದುರು ಕೂತೆವು. ಅವ್ವ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗ್ತಾ ಇದ್ದರು. ಪಲ್ಯ ಮುಟ್ಟಲೇ ಇಲ್ಲ.

"ಹಲ್ಲು ನೋಯ್ತದಾ ಅವ್ವ? ಕಾಳು ಮೆತ್ತಗೆ ಬೆಂದದೆ ನೋಡು" ಅಂದೆ. ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನೋ ಗಾದೆ ನೆನಪಾಗಿತ್ತು.

"ಹಲ್ಲು ನೆಟ್ಟಗವೆ. ನನಗೆ ಹುರುಳಿಕಾಳು ಸೇರಾಕಿಲ್ಲ" ಅಂದರು ಅವ್ವ.

"ಯಾವಾಗಿಂದ?"

"ಯಾವಾಗಿಂದ ಏನ್ ಬಂತು. ಮೊದ್ಲಿಂದ್ಲೂ ಅಷ್ಟೇಯ. ಸಾರಾದ್ರೆ ಆಯ್ತದೆ. ಕಾಳು ಸೇರಾಕಿಲ್ಲ."

"ಮತ್ತೆ ದಿನಾ ಅದನ್ನೇ ಮಾಡ್ತಿದ್ದೆ?"

"ಮನೇಲಿ ಇದ್ದಿದ್ದೇ ಅದು. ಇನ್ನೇನ್ ಮಾಡ್ಲಿ. ಆಮ್ಯಾಕೆ ನೀನು ಬೇರೆ," ಅಂತ ತಮ್ಮ ತಟ್ಟೆಯ ಪಲ್ಯವನ್ನೆಲ್ಲ ಬಳಿದು ನನ್ನ ತಟ್ಟೆಗೆ ಹಾಕಿದರು. "ನಿಂಗೆ ಹುರುಳಿಕಾಳು ಅಂದ್ರೆ ಪ್ರಾಣ ಅಲ್ವಾ. ಹೈಸ್ಕೂಲಿಗೆ ಹೋಗೋವಾಗ ಡಬ್ಬಿ ತೊಳ್ದಂಗೆ ಬರ್ತಿತ್ತು. ಒಂದು ಕಾಳು ಉಳೀತಿರ್ಲಿಲ್ಲ. ಅದ್ಕೇ ಇನ್ನೂ ಜಾಸ್ತಿ ಹಾಕ್ತಿದ್ದೆ. ತಿನ್ನು."

ನಾನು ಏನೂ ಹೇಳಲಿಲ್ಲ. ಮುದ್ದೆ ಪಕ್ಕಕ್ಕೆ ಸರಿಸಿ ಮೊದಲು ಕಾಳಿಗೇ ಕೈ ಹಾಕಿದೆ.